ಮೂಷಿಕದ ಗೃಹಪ್ರವೇಶ: ಸಾಕಿಲಿಯ ಸ್ಥಳಾಂತರದಲ್ಲಿ ಗಂಧದ ಸ್ಥಾನ

ಸಂಸ್ಕೃತದ ‘ಮೂಷ’ ಶಬ್ದವೂ ಲ್ಯಾಟಿನಿನ ‘ಮುಸ್’ ಶಬ್ದವೂ ಒಂದೇ ಮೂಲದಿಂದ ಕವಲೊಡೆದುವೆಂಬುದು ಭಾಷಾಶಾಸ್ತ್ರದಲ್ಲಿ ಸಿದ್ಧವಾದ ಸಂಗತಿ. ಅಷ್ಟು ಪುರಾತನ ಕಾಲದಿಂದಲೂ ಕಣಜದ ಕಾಳನ್ನು ಅನುಸರಿಸಿ ಮನುಷ್ಯನ ಮನೆಯನ್ನು ಹೊಕ್ಕು, ಗೋಡೆಯ ಅಂಚನ್ನು ಹಿಡಿದು ತನ್ನದೇ ಹಾದಿಯನ್ನು ಮಾಡಿಕೊಂಡು, ಯಾರೂ ಕರೆಯದೆಯೇ ಸುಖವಾಗಿ ನೆಲಸಿಬಿಡುವ ಸುಂಡಿಲಿಯು, ಅದೇ ಮನುಷ್ಯನು ಪ್ರೀತಿಯಿಂದ ಪೆಟ್ಟಿಗೆಯಲ್ಲಿ ಹೊತ್ತುತಂದು ಇಳಿಸಿದಾಗ ದಿಕ್ಕೆಟ್ಟು ಮೂಲೆಯಲ್ಲಿ ಮುದುಡಿಕೊಳ್ಳುವುದೇಕೆ? ತಾನಾಗಿ ಬರುವ ಇಲಿಯು ಹೆಜ್ಜೆಹೆಜ್ಜೆಗೂ ತನ್ನ ಗಂಧವನ್ನು ನೆಲಕ್ಕೆ ಒತ್ತುತ್ತ ಬರುತ್ತದೆ. ನಾವು ತರುವ ಇಲಿಯನ್ನು ಅದರ ಗಂಧಲೋಕದಿಂದ ಕಿತ್ತು ತಂದಿರುತ್ತೇವೆ. ಸಾಕಿಲಿಯನ್ನು ಕ್ಷೇಮವಾಗಿ ಮನೆಗೆ ತರುವ ಕಾರ್ಯದ ಮುಖ್ಯ ವಿಧಿಗಳೆಲ್ಲವೂ ಈ ಒಂದು ಭೇದದಿಂದಲೇ ಹೊರಡುತ್ತವೆಂಬುದು ಪ್ರಸ್ತುತ ಲೇಖನದ ಪ್ರತಿಪಾದ್ಯ.

ಇಲಿಯನ್ನು ಪ್ರೀತಿಗಾಗಿ ಸಾಕುವ ಪದ್ಧತಿಯು ಇತ್ತೀಚಿನದಲ್ಲ. ಬಗೆಬಗೆಯ ಬಣ್ಣದ ಇಲಿಗಳ ಪಾಲನೆಯನ್ನು ಕುರಿತ ‘ಚಿಂಗಾನ್ಸೊದತೆಗುಸ’ ಎಂಬ ಪುಸ್ತಕವು ಜಪಾನಿನಲ್ಲಿ 1787ರಷ್ಟು ಹಿಂದೆಯೇ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ 1895ರಲ್ಲಿ ‘ನ್ಯಾಷನಲ್ ಮೌಸ್ ಕ್ಲಬ್’ ಸ್ಥಾಪಿತವಾಗಲು ಶ್ರಮಿಸಿದ ವಾಲ್ಟರ್ ಮ್ಯಾಕ್ಸೀ ಎಂಬಾತನ ಹೆಸರು, ಹೊರಗೆ ಹಸುರು, ಒಳಗೆ ಕೆಂಪು ಬಣ್ಣ ಬಳಿದ ಪ್ರದರ್ಶನದ ಪೆಟ್ಟಿಗೆಯಲ್ಲಿ ಇಂದಿಗೂ ಉಳಿದಿದೆ.

ಪ್ರಯಾಣದ ಕಷ್ಟವನ್ನು ಅರಿಯಬೇಕಾದರೆ ಇಲಿಯ ಇಂದ್ರಿಯಗಳನ್ನು ಅರಿಯಬೇಕು. ಅದರ ದೃಷ್ಟಿ ಮಂದ; ಘ್ರಾಣವೇ ಅದಕ್ಕೆ ಮುಖ್ಯ ಪ್ರಮಾಣ. ಮನುಷ್ಯನ ಶ್ರವಣವು ಸೆಕೆಂಡಿಗೆ ಸುಮಾರು 20,000 ಕಂಪನಗಳಲ್ಲಿ ನಿಂತುಹೋದರೆ, ಇಲಿಯದು 80,000ವನ್ನೂ ಮೀರಿ ಸಾಗುವುದರಿಂದ, ನಮಗೆ ನಿಶ್ಶಬ್ದವೆಂದು ತೋರುವ ವಾಹನವು ಅದಕ್ಕೆ ಕೋಲಾಹಲವಾಗಿರಬಹುದು. ಹೀಗಿರುವಲ್ಲಿ ನಾವು ಮಾಡಬಹುದಾದ ಮೊದಲನೆಯ ಉಪಕಾರವೆಂದರೆ, ಹಳೆಯ ಗೂಡಿನೊಳಗಿನ ಕಾಗದದ ಚೂರನ್ನೋ ಒಣಹುಲ್ಲನ್ನೋ ಒಂದು ಹಿಡಿ ಕೇಳಿ ತೆಗೆದುಕೊಂಡು, ಪ್ರಯಾಣದ ಪೆಟ್ಟಿಗೆಯಲ್ಲಿಯೂ ಅನಂತರ ಹೊಸ ಗೂಡಿನಲ್ಲಿಯೂ ಇರಿಸುವುದು. ಇದು ಬರಿಯ ಭಾವುಕತೆಯ ಮಾತಲ್ಲ. ನೆದರ್ಲೆಂಡ್ಸಿನ ವಾನ್ ಲೂ ಮೊದಲಾದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಡನ್ನು ಶುಚಿಗೊಳಿಸುವಾಗ ಮಲಗುವೆಡೆಯ ಚೂರುಗಳನ್ನು ಉಳಿಸಿಕೊಟ್ಟರೆ ಗಂಡಿಲಿಗಳ ಕಾದಾಟ ತಗ್ಗುವುದೆಂದೂ, ಮೂತ್ರದಿಂದ ನೆನೆದ ನೆಲದ ಹೊಟ್ಟನ್ನು ಉಳಿಸಿದರೆ ಹೆಚ್ಚುವುದೆಂದೂ ಕಂಡುಬಂದಿತು. ಆದುದರಿಂದ ತರತಕ್ಕದ್ದು ಮಲಗುವೆಡೆಯ ಚೂರುಗಳನ್ನು, ನೆಲದ ಹೊಟ್ಟನ್ನಲ್ಲ.

ಇಲಿಯ ದೇಹಭಾರ 20ರಿಂದ 40 ಗ್ರಾಂ ಮಾತ್ರ. ಅಷ್ಟು ಕಿರಿದಾದ ಒಡಲು ಬಿಸಿಲಿಗೂ ಗಾಳಿಗೂ ಬಹುಬೇಗ ವಶವಾಗುತ್ತದೆ. ನಮ್ಮ ಕಲಬುರಗಿ, ರಾಯಚೂರುಗಳ ಬೇಸಗೆಯ ನಡುಹಗಲಿನಲ್ಲಿ, ನಿಲ್ಲಿಸಿದ ಕಾರಿನೊಳಗೆ ಅದನ್ನು ಕ್ಷಣಕಾಲ ಬಿಡುವುದೂ ಪ್ರಾಣಾಪಾಯವೇ ಸರಿ. ಮುಂಜಾನೆಯಲ್ಲಿಯೋ ಸಂಜೆಯ ತಂಪಿನಲ್ಲಿಯೋ ಹೊರಡಬೇಕು. ರಟ್ಟಿನ ಪೆಟ್ಟಿಗೆಯನ್ನು ಇಲಿ ಕಡಿದು ತೂತುಮಾಡುವುದಾದುದರಿಂದ ಗಾಳಿಗಂಡಿಗಳುಳ್ಳ ಗಟ್ಟಿಯಾದ ಡಬ್ಬಿಯೇ ಯುಕ್ತ. ನೀರಿನ ಬಾಟಲಿಯು ಕುಲುಕಾಟಕ್ಕೆ ಸೋರಿ ಹಾಸನ್ನು ನೆನೆಸುತ್ತದೆ. ಒಂದು ಹೋಳು ಸೌತೆಕಾಯಿ ದಾಹಕ್ಕೆ ಸಾಕು.

ಮನೆಯಲ್ಲಿ ಗೂಡು ಮೊದಲೇ ಸಿದ್ಧವಾಗಿರಬೇಕು. 6 ಮಿಲಿಮೀಟರಿನಷ್ಟು ಸಂದಿಯಲ್ಲಿಯೂ ಇಲಿ ನುಸುಳಬಲ್ಲುದೆಂದು ಬಲ್ಲವರು ಕಂಬಿಗಳ ಅಂತರವನ್ನು ಅಳೆದೇ ಕೊಳ್ಳುತ್ತಾರೆ. ಹಾಸಿನ ವಿಷಯದಲ್ಲಿ ಸುವಾಸನೆಗೆ ಮರುಳಾಗಬಾರದು: ದೇವದಾರು ಜಾತಿಯ ಮರಗಳ ಹೊಟ್ಟಿನ ಆವಿಯಿಂದ ಇಲಿಗಳ ಯಕೃತ್ತಿನ ಕಿಣ್ವಗಳು ವ್ಯತ್ಯಾಸಗೊಳ್ಳುವುದನ್ನು ವೆಸೆಲ್ ಎಂಬ ವಿದ್ವಾಂಸನು 1967ರಲ್ಲಿಯೇ ತೋರಿಸಿದ್ದಾನೆ. ಧೂಪ, ಊದುಬತ್ತಿ, ಕರ್ಪೂರಗಳು ದಿನವೂ ಉರಿಯುವ ಕೋಣೆಯೂ ತಕ್ಕುದಲ್ಲವೆಂದು ನನ್ನ ಅಭಿಪ್ರಾಯ. ಗಂಧವೇ ಕಣ್ಣಾದ ಜೀವಿಗೆ ಅದು ಹೊಗೆಮುಸುಕಿದ ಕತ್ತಲೆಯಂತೆ ಆಗದಿರದು.

ಮನೆಯಲ್ಲಿ ಬೇರೆ ಇಲಿಗಳಿದ್ದರೆ ಎರಡು ಮೂರು ವಾರಗಳ ಕಾಲ ಹೊಸದನ್ನು ಬೇರೆ ಕೋಣೆಯಲ್ಲಿರಿಸಬೇಕು. ಶ್ವಾಸರೋಗವೂ ಉಣ್ಣೆಹುಳುಗಳೂ ಹರಡದಿರಲೆಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವು ನಮ್ಮ ಪ್ರತಿಪಾದ್ಯಕ್ಕೇ ಸೇರಿದ್ದು: ಕೂಡಿದ ಹೆಣ್ಣಿಲಿಗೆ ಅಪರಿಚಿತ ಗಂಡಿನ ಗಂಧ ತಗುಲಿದ ಮಾತ್ರದಿಂದ ಗರ್ಭವು ನಿಲ್ಲದೆ ಹೋಗಬಹುದೆಂದು ಹಿಲ್ಡಾ ಬ್ರೂಸ್ 1959ರಲ್ಲಿ ಪ್ರಕಟಿಸಿದಳು. ಆಗಂತುಕನ ಗಂಧವು ಅಷ್ಟು ಬಲವುಳ್ಳದ್ದು.

ಇನ್ನು ಕೈಯ ವಿಷಯ. ಬಾಲವನ್ನು ಹಿಡಿದು ಎತ್ತುವುದು ಪ್ರಯೋಗಶಾಲೆಗಳಲ್ಲಿ ಬಹುಕಾಲ ನಡೆದುಬಂದ ರೂಢಿ. ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ತೋರಿಸಿದಂತೆ, ಹಾಗೆ ಎತ್ತಿದ ಇಲಿಗಳು ಕೈಯನ್ನು ಕಂಡರೆ ಹಿಂಜರಿದುವು. ಕೊಳವೆಯೊಳಗೆ ಹೊಗಿಸಿಯೋ ಬೊಗಸೆಯಲ್ಲಿ ತುಂಬಿಯೋ ಎತ್ತಿದವು ತಾವಾಗಿ ಸಮೀಪಿಸಿದುವು. ಮೊದಲ ಎರಡು ಮೂರು ದಿನ ಮುಟ್ಟದೆ, ಅನಂತರ ಗೂಡಿನೊಳಗೆ ಬೊಗಸೆಯನ್ನು ಚಾಚಿ ಸುಮ್ಮನಿರಬೇಕು. ಇಲಿಯು ಅಂಗೈಯನ್ನು ಮೂಸಿ, ಏರಿ, ಇಳಿದು ಹೋಗುವುದಕ್ಕೆ ನಾವು ಕೊಡುವ ಆ ಅವಕಾಶವೇ ಗೃಹಪ್ರವೇಶದ ನಿಜವಾದ ಮುಹೂರ್ತ.

ಇಷ್ಟಾದ ಮೇಲೂ ಎಚ್ಚರ ತಪ್ಪಬಾರದೆಂಬುದಕ್ಕೆ ಲೇಖಕಿ ಬಿಯಾಟ್ರಿಕ್ಸ್ ಪಾಟರಳ ಇಲಿಯ ವೃತ್ತಾಂತವೇ ಸಾಕ್ಷಿ. ಗ್ಲೌಸ್ಟರ್‌ಷೈರಿನ ಬಂಧುಗೃಹವೊಂದರ ಅಡಿಗೆಮನೆಯಲ್ಲಿ ಬೋನಿಗೆ ಬಿದ್ದಿದ್ದ ಎರಡು ಇಲಿಗಳನ್ನು ಆಕೆ ಉಳಿಸಿ ಮನೆಗೆ ತಂದಳು. 1904ರಲ್ಲಿ ಅಚ್ಚಾದ ಆಕೆಯ ಮಕ್ಕಳ ಕಥೆಯೊಂದಕ್ಕೆ ಅವೇ ನಾಯಕರು. ಅವುಗಳಿಗೆ ಆಕೆಯ ಪುಸ್ತಕಗಳ ಪ್ರಕಾಶಕನಾದ ನಾರ್ಮನ್ ವಾರ್ನ್ ಗಾಜಿನ ಮುಂಬದಿಯ, ಮೇಲಂತಸ್ತಿನ ಪುಟ್ಟ ಮನೆಯೊಂದನ್ನು ಮಾಡಿಕೊಟ್ಟಿದ್ದನು. 1905ರಲ್ಲಿ, ಹಂಕಾ ಮಂಕಾ ಎಂಬ ಹೆಣ್ಣಿಲಿಯು ತೂಗುದೀಪದ ಮೇಲಿಂದ ಕೆಳಗೆ ಬಿದ್ದಿತು. ಪಾಟರ್ ತನ್ನ ಪತ್ರದಲ್ಲಿ ತಿಳಿಸಿರುವಂತೆ, ಬಿದ್ದ ಆ ಜೀವವು ತತ್ತರಿಸುತ್ತ ಮೆಟ್ಟಿಲೇರಿ ತನ್ನ ಪುಟ್ಟ ಮನೆಯನ್ನು ಸೇರಿ, ಹತ್ತು ನಿಮಿಷಗಳ ತರುವಾಯ ಆಕೆಯ ಕೈಯಲ್ಲಿ ಪ್ರಾಣಬಿಟ್ಟಿತು.