ಹೆಣ್ಣಾಳಿನ ಲೆಕ್ಕ

ನಮ್ಮ ಹಳ್ಳಿಗಳ ಕೂಲಿ ಲೆಕ್ಕದಲ್ಲಿ ಮನುಷ್ಯರಿಲ್ಲ. ಗಂಡಾಳು ಅಂತ ಒಂದಿದೆ, ಹೆಣ್ಣಾಳು ಅಂತ ಒಂದಿದೆ. ಕೂಸನ್ನು ಬದುವಿನ ಮೇಲೆ ಮಲಗಿಸಿ ದಿನವಿಡೀ ಬಗ್ಗಿ ನಾಟಿ ಹಾಕಿದ ಅವ್ವನ ಕೈಗೆ ಬೀಳೋದು ಎರಡನೆಯ ಲೆಕ್ಕದ ಕೂಲಿ. ಇದು ಯಾರೋ ಒಬ್ಬ ಜಿಪುಣ ಒಡೆಯನ ಗುಣವಲ್ಲ. ಇದಕ್ಕೆ ಚರಿತ್ರೆ ಇದೆ, ಸರ್ಕಾರಿ ಕಾಗದ ಇದೆ.

ಬಾಬಾಸಾಹೇಬರಿಂದ ಶುರು ಮಾಡೋಣ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರವಾಗಿ ಅವರು ನಿಂತರು. ಹೆಣ್ಣಿನ ದುಡಿಮೆಯಿಂದ ಲಾಭ ಉಣ್ಣುವ ಮಾಲೀಕ ಅವಳ ಬಾಣಂತನದ ಭಾರವನ್ನೂ ಹೊರಬೇಕು ಅನ್ನೋದು ಅವರ ವಾದ. ಮುಂದೆ ಯುದ್ಧಕ್ಕೆ ಕಲ್ಲಿದ್ದಲು ಸಾಲದೆ, ಹೆಂಗಸರನ್ನು ಗಣಿಯೊಳಕ್ಕೆ ಇಳಿಸಬಾರದೆಂಬ ನಿಷೇಧವನ್ನು ಸರ್ಕಾರ 1943ರಲ್ಲಿ ತೆಗೆಯಿತು. ಆಗ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ 1944ರಲ್ಲಿ ಸಭೆಗೆ ಉತ್ತರ ಹೇಳುತ್ತಾ, ಅದೇ ಕೆಲಸಕ್ಕೆ ಹೆಂಗಸರಿಗೂ ಗಂಡಸರಷ್ಟೇ ಕೂಲಿ ಎಂದರು. ನಿಷೇಧ 1946ರಲ್ಲಿ ಮರಳಿ ಬಂತು. ಸರ್ಕಾರ ಸಮಾನ ಕೂಲಿಯ ಮಾತಾಡಿದ್ದು ಅವಳನ್ನು ನೆಲದಡಿಯ ಕತ್ತಲಿಗೆ ಇಳಿಸುವಾಗ ಅನ್ನೋದನ್ನೂ ಮರೆಯಬಾರದು.

ಸಂವಿಧಾನದ 39ನೆಯ ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನ ಎಂದಿತು. ಆದರೆ ಅದು ಕುಳಿತದ್ದು ನಿರ್ದೇಶಕ ತತ್ವಗಳ ಸಾಲಿನಲ್ಲಿ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಗೆ ಸೂತ್ರ ಹಾಕಿತು: ದುಡಿಯುವವನೊಬ್ಬ, ಉಣ್ಣುವ ಘಟಕ ಮೂರು. ಗಂಡ 1, ಹೆಂಡತಿ 0.8, ಮಕ್ಕಳಿಬ್ಬರು ತಲಾ 0.6. ಹೆಂಗಸಿನ ಗಳಿಕೆ ಲೆಕ್ಕಕ್ಕಿಲ್ಲ. ಕೂಲಿ ಇಡೀ ಸಂಸಾರಕ್ಕೆ ಸಾಲಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಇಬ್ಬರೂ ಹೊಲಕ್ಕಿಳಿಯದೆ ಒಲೆ ಹೊತ್ತದ ನಮ್ಮ ಕೇರಿಗಳಲ್ಲಿ ಆ 'ಒಬ್ಬನೇ ದುಡಿಯುವವನು' ಎಲ್ಲಿದ್ದ? ಅವಳದು ಮೇಲುಖರ್ಚಿನ ಕಾಸು ಅನ್ನುವ ಒಡೆಯನಿಗೆ ಈ ಲೆಕ್ಕ ಅನುಕೂಲವೇ ಆಯಿತು.

1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. 1987ರ ತಿದ್ದುಪಡಿ ಬಡ್ತಿ, ತರಬೇತಿಗಳನ್ನೂ ಅದರೊಳಗೆ ತಂದಿತು. ಈಗ ಅದು 2019ರ ವೇತನ ಸಂಹಿತೆಯಲ್ಲಿ ಸೇರಿಹೋಗಿದೆ. ಒಡೆಯ ಜಾಣ. ನೇಗಿಲು, ಗುದ್ದಲಿ ಗಂಡಿನ ಕೆಲಸ. ನಾಟಿ, ಕಳೆ ಹೆಣ್ಣಿನ ಕೆಲಸ ಎಂದ. ಕೆಲಸವೇ ಬೇರೆ, ಕೂಲಿ ಹೆಂಗಮ್ಮ ಒಂದೇ ಆಗುತ್ತೆ? ಗಂಡಸೇ ಇಳಿಯದ ನಾಟಿಗದ್ದೆಯಲ್ಲಿ ಅವಳ ಕೂಲಿಯನ್ನು ಯಾರ ಕೂಲಿಗೆ ಹೋಲಿಸುತ್ತೀರಿ? ಕಾಯ್ದೆ ಸೋತದ್ದು ಇಲ್ಲಿ.

ಓದಿದವರ ಪಾಡೂ ಬೇರೆಯಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕೆಂಬಂಥ ನಿಯಮಗಳನ್ನು 1979ರಲ್ಲಿ ಕೋರ್ಟು ಟೀಕಿಸಿತು. ಮುಂಬಯಿಯ ಸ್ಟೆನೋಗ್ರಾಫರ್ ಆಡ್ರೆ ಡಿಕೋಸ್ಟಾ 1987ರಲ್ಲಿ ಗಂಡಸರಷ್ಟೇ ಸಂಬಳದ ಹಕ್ಕು ಗೆದ್ದರು. ಅಲ್ಲಿ ತಾರತಮ್ಯದ ಒಪ್ಪಂದ ಮಾಡಿಕೊಂಡಿದ್ದು ಕಂಪನಿ ಒಂದೇ ಅಲ್ಲ, ಜೊತೆಗೆ ಕಾರ್ಮಿಕ ಸಂಘವೂ ಇತ್ತು.

ಈ ಇಬ್ಬರ ಕೈಯಲ್ಲಿ ನೇಮಕದ ಕಾಗದವಿತ್ತು. ಕಳೆ ಕೀಳುವ ಅವ್ವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? ಬೀದಿ ಗುಡಿಸುವ ಅಕ್ಕನಿಗೆ ಬಡ್ತಿ ಅಂದರೆ ಏನು? ಹೆಣ್ಣೆಂದು ಒಮ್ಮೆ, ಜಾತಿಯೆಂದು ಇನ್ನೊಮ್ಮೆ ಅವಳ ಕೂಲಿ ಕಡಿತವಾಗುತ್ತದೆ.

ಗೆಳೆಯರೆ, ಸಂಘ ಕಟ್ಟುವ ನಾವೂ ಗಂಡಾಳಿನ ಕೂಲಿ ಎಣಿಸಿಕೊಂಡು ಸುಮ್ಮನೆ ಮನೆಗೆ ಬಂದವರೇ. ಮೇಷ್ಟ್ರೇ, ಹುಡುಗರಿಗೆ ಲೆಕ್ಕ ಹೇಳಿಕೊಡುವಾಗ 'ಒಬ್ಬ ಗಂಡಾಳು ಇಬ್ಬರು ಹೆಣ್ಣಾಳಿಗೆ ಸಮ' ಅನ್ನೋ ಲೆಕ್ಕ ಮೊದಲು ಅಳಿಸಿ. ಮುಂದಿನ ಸುಗ್ಗಿಯಲ್ಲಿ ಕೂಲಿ ಕೇಳುವಾಗ ಒಂದೇ ದರ ಕೇಳೋಣ. ಅವಳೇ ಮುಂದೆ ನಿಂತು ಕೇಳಲಿ, ನಾವು ಹಿಂದೆ ನಿಲ್ಲೋಣ.