ಕುಮಾರ ಪರ್ವತದ ಎರಡು ಮಗ್ಗುಲು

ಜಪಾನಿನಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಅಕ್ಟೋಬರ್ ಬಂತೆಂದರೆ ಫೋಟೋ ಕಳಿಸಲು ಶುರುಮಾಡುತ್ತಾನೆ. ಕೆಂಪಾದ ಮೇಪಲ್ ಎಲೆಗಳು, ಹಳದಿ ಬಣ್ಣದ ಗಿಂಕೊ ಮರಗಳು, ಅವುಗಳ ನಡುವೆ ಮೇಲೇರುವ ಕಲ್ಲು ಮೆಟ್ಟಿಲ ದಾರಿ. ಎಲೆ ಬಣ್ಣ ತಿರುಗುವುದನ್ನು ನೋಡಲೆಂದೇ ಬೆಟ್ಟಕ್ಕೆ ಹೋಗುವುದಕ್ಕೆ ಅಲ್ಲಿ ‘ಮೊಮಿಜಿಗಾರಿ’ ಎಂಬ ಹೆಸರೇ ಇದೆಯಂತೆ. ದೀಪಾವಳಿಗೆ ಊರಿಗೆ ಬಂದವನು ಜಗಲಿಯಲ್ಲಿ ಕುಳಿತು ಕೇಳಿದ: “ಮಾವ, ನಮ್ಮಲ್ಲಿ ಇಂಥದ್ದು ಏನಿದೆ?”

ನಮ್ಮದು ಗುತ್ತಿಗಾರಿನ ಹತ್ತಿರದ ಮನೆ. ಮಳೆ ಕಳೆದು ಆಕಾಶ ತೊಳೆದಿಟ್ಟಂತಾದ ಮೇಲೆ ಅಂಗಳದಲ್ಲಿ ನಿಂತರೆ ಮೂಡಣಕ್ಕೆ ಕುಮಾರ ಪರ್ವತ ಕಾಣುತ್ತದೆ. ಕೈ ತೋರಿಸಿ, “ಅದು ಇದೆ” ಎಂದೆ. ನಮ್ಮ ನಿತ್ಯಹರಿದ್ವರ್ಣದ ಕಾಡು ಶರದೃತುವಿನಲ್ಲಿ ಕೆಂಪಾಗುವುದಿಲ್ಲ. ನಮ್ಮ ನಾಗಸಂಪಿಗೆ ಕೆಂಪಾಗುವುದು ಎಲೆ ಉದುರುವಾಗಲಲ್ಲ, ಚಿಗುರುವಾಗ. ಈ ಕಾಲದಲ್ಲಿ ಬಣ್ಣ ತಿರುಗುವುದು ಕಾಡಿನ ಮೇಲಿನ ಹುಲ್ಲು. ಮಳೆಗಾಲವಿಡೀ ಹಸಿರಾಗಿದ್ದ ಬೋಳುಗುಡ್ಡ ಕಾರ್ತಿಕದ ಬಿಸಿಲಿಗೆ ಮೆಲ್ಲನೆ ಹೊಂಬಣ್ಣಕ್ಕೆ ಬರುತ್ತದೆ. ಅದನ್ನು ನೋಡಬೇಕಾದರೆ ಹತ್ತಬೇಕು.

ರಾಜ್ಯೋತ್ಸವದ ರಜೆಯ ದಿನ, ನವೆಂಬರ್ 1ಕ್ಕೆ, ಅರಣ್ಯ ಇಲಾಖೆಯ ಅನುಮತಿ ಪಡೆದು ಹೊರಟೆವು. ಆ ದಿನಾಂಕವನ್ನು ನಾನು ಬೇಕೆಂದೇ ಆರಿಸಿದ್ದೆ. ಯಾಕೆಂದು ಅವನಿಗೆ ಆಗ ಹೇಳಲಿಲ್ಲ.

ಕುಕ್ಕೆ ಸುಬ್ರಹ್ಮಣ್ಯ ಮೊದಲು ಸುಳ್ಯ ತಾಲೂಕಿನಲ್ಲಿತ್ತು, ಈಗ ಹೊಸ ಕಡಬ ತಾಲೂಕಿನಲ್ಲಿದೆ. ದೇವಸ್ಥಾನದ ಬದಿಯಿಂದ ಹೊರಡುವ ಕಾಲುದಾರಿ ಶಿಖರಕ್ಕೆ ಸುಮಾರು 13 ಕಿ.ಮೀ. ಎತ್ತರ 1,712 ಮೀಟರ್. ಕೊಡಗಿನ ಕಡೆಯವರು ಇದನ್ನು ಪುಷ್ಪಗಿರಿ ಎನ್ನುತ್ತಾರೆ. ಒಂದೇ ಬೆಟ್ಟಕ್ಕೆ ಎರಡು ಮಗ್ಗುಲು, ಎರಡು ಹೆಸರು. ಶಿಖರ ಇರುವುದು ಕೊಡಗಿನ ಸೋಮವಾರಪೇಟೆ ತಾಲೂಕಿನಲ್ಲಿ. ನಾವು ಹೊರಟಿದ್ದು ದಕ್ಷಿಣ ಕನ್ನಡದಿಂದ.

ಮೊದಲ ಒಂದೆರಡು ಗಂಟೆ ಬರೀ ಕಾಡು, ಬರೀ ಏರು. ಅಳಿಯ ಜಪಾನಿನ ಬೆಟ್ಟಗಳ ಸುದ್ದಿ ಹೇಳುತ್ತಿದ್ದ. ಅಲ್ಲಿಯೂ ಬೆಟ್ಟ ಹತ್ತುವುದು ಹವ್ಯಾಸವಾಗುವ ಮೊದಲು ಹರಕೆಯಾಗಿತ್ತು. ಫ್ಯೂಜಿ ಪರ್ವತವನ್ನು ಯಾತ್ರಿಕರ ಕೂಟಗಳು ಹತ್ತುತ್ತಿದ್ದವು. ಹೆಂಗಸರಿಗೆ ಅಲ್ಲಿದ್ದ ನಿಷೇಧ ತೆರವಾದದ್ದು 1872ರಲ್ಲಿ. ವಾಲ್ಟರ್ ವೆಸ್ಟನ್ ಎಂಬ ಇಂಗ್ಲಿಷ್ ಪಾದ್ರಿ ಅಲ್ಲಿನ ಬೆಟ್ಟಗಳನ್ನು ಹತ್ತಿಳಿದು 1896ರಲ್ಲಿ ಪುಸ್ತಕ ಬರೆದ. 1905ರಲ್ಲಿ ಜಪಾನಿನವರದೇ ಪರ್ವತಾರೋಹಣ ಸಂಘ ಹುಟ್ಟಿತು.

ನಮ್ಮಲ್ಲಿಯೂ ಹಾಗೆಯೇ. ತಾರಕನನ್ನು ಕೊಂದ ಕುಮಾರಸ್ವಾಮಿ ಇಲ್ಲಿಗೆ ಬಂದು ನದಿಯಲ್ಲಿ ಆಯುಧ ತೊಳೆದನೆಂದೂ, ಅದಕ್ಕೇ ಹೊಳೆಗೆ ಕುಮಾರಧಾರಾ ಎಂಬ ಹೆಸರೆಂದೂ ಸ್ಥಳಪುರಾಣ ಹೇಳುತ್ತದೆ. ಶಿಖರದ ಹತ್ತಿರ ಸಿಗುವ ಆರು ಮುಖದ ಸ್ಫಟಿಕದ ಹರಳುಗಳನ್ನು ಭಕ್ತರು ‘ಕುಮಾರಲಿಂಗ’ ಎಂದು ಪೂಜಿಸುತ್ತಾರೆ. ಆದರೆ ದೇವರಿಗಿಂತ ಮೊದಲೇ ಈ ದಾರಿ ಗೊತ್ತಿದ್ದವರು ಮಲೆಕುಡಿಯರು. ಕುಕ್ಕೆಯಲ್ಲಿ ಲಿಂಗ ಸಿಕ್ಕಿದ್ದರಿಂದ ಊರಿಗೆ ಕುಕ್ಕೆ ಎಂಬ ಹೆಸರು ಬಂತೆನ್ನುವ ಅವರ ಐತಿಹ್ಯವನ್ನು ಇಲ್ಲಿ ಎಲ್ಲರೂ ಬಲ್ಲರು. ಇಂದಿಗೂ ಚಂಪಾಷಷ್ಠಿಯ ಬ್ರಹ್ಮರಥವನ್ನು ಹಗ್ಗ ಬಳಸದೆ, ಕಾಡಿನಿಂದ ತಂದ ಬೆತ್ತದಿಂದ ಕಟ್ಟುವವರು ಅವರೇ.

ತೊರೆ ದಾಟಿದ್ದೇ ತಡ, ಉಂಬಳ ಹತ್ತಿತು. ನಾನು ಚೀಲದಿಂದ ಉಪ್ಪು ಮತ್ತು ಹೊಗೆಸೊಪ್ಪು ಸೇರಿಸಿ ಕಟ್ಟಿದ ಬಟ್ಟೆಯ ಗಂಟು ತೆಗೆದು ಅವನ ಕಾಲಿಗೆ ಒರೆಸಿದೆ. “ಇದು ಯಾವ ಕಾಲದ ಔಷಧ ಮಾವ?” ಎಂದು ನಕ್ಕ. ಆ ಗಂಟಿನಲ್ಲಿದ್ದದ್ದು ಔಷಧ ಮಾತ್ರವಲ್ಲ, ಇಲ್ಲಿನ ಚರಿತ್ರೆಯೂ ಹೌದು. ಕಡಲಿನ ಉಪ್ಪು, ತೆಂಗಿನಕಾಯಿ, ಒಣಮೀನು ಘಟ್ಟ ಹತ್ತುತ್ತಿದ್ದವು. ಅಕ್ಕಿ, ಏಲಕ್ಕಿ, ದನಕರು ಘಟ್ಟ ಇಳಿಯುತ್ತಿದ್ದವು. ಸಾಮಾನು ಸಾಗುತ್ತಿದ್ದುದು ಶಿಖರದ ಮೇಲಿನಿಂದಲ್ಲ. ತೆಂಕಣದ ಸಂಪಾಜೆ, ಬಡಗಣದ ಬಿಸಲೆ ಘಾಟಿಗಳಿಂದ. ಮಳೆಗಾಲದಲ್ಲಿ ದಾರಿ ಮುಚ್ಚುತ್ತಿತ್ತು. ಹೊಳೆ ಇಳಿದು, ಕೆಸರು ಆರಿ, ಹುಲ್ಲು ಹಣ್ಣಾಗುವ ಈ ಕಾಲದಲ್ಲೇ ಮತ್ತೆ ತೆರೆಯುತ್ತಿತ್ತು. ಷಷ್ಠಿಯ ಹೊತ್ತಿಗೆ ಸುಬ್ರಹ್ಮಣ್ಯದ ಪಕ್ಕದ ಕುಲ್ಕುಂದದಲ್ಲಿ ಜಾನುವಾರು ಜಾತ್ರೆ. ಘಟ್ಟದ ಮೇಲಿನ ಎತ್ತುಗಳು ಅಲ್ಲಿ ಘಟ್ಟದ ಕೆಳಗಿನ ಗದ್ದೆಗಳಿಗೆ ಮಾರಾಟವಾಗುತ್ತಿದ್ದವು.

ಅಜ್ಜಿಯೂ ಆ ದಾರಿಯಲ್ಲೇ ಬಂದವಳು. ಅವಳ ತವರು ಸೋಮವಾರಪೇಟೆಯ ಕಡೆ. ಅರೆಭಾಷೆ ಮಾತಾಡುವ ಗೌಡರಾದ ನಮಗೆ ಬೆಟ್ಟದ ಎರಡೂ ಮಗ್ಗುಲಲ್ಲಿ ನೆಂಟರು. ಮದುವೆಯಾಗಿ ಇಳಿದು ಬಂದವಳು ಹೆರಿಗೆ, ಗದ್ದೆ, ಹಟ್ಟಿ ಎಂದು ಸಿಕ್ಕಿಕೊಂಡು ತವರಿಗೆ ಹೋದದ್ದು ಬೆರಳೆಣಿಕೆಯ ಸಲ. ಮಳೆ ಬಿಟ್ಟ ಸಂಜೆ ಅಂಗಳದಲ್ಲಿ ನಿಂತು ಬೆಟ್ಟ ನೋಡುತ್ತಿದ್ದಳು. ಅವಳು ಒಮ್ಮೆಯೂ ತವರನ್ನು ‘ಬೆಟ್ಟದ ಆಚೆ’ ಎಂದದ್ದು ನನಗೆ ನೆನಪಿಲ್ಲ. ‘ಮೇಲಿನ ಮನೆ’ ಎನ್ನುತ್ತಿದ್ದಳು. ನಮ್ಮದು ‘ಕೆಳಗಿನ ಮನೆ’. ಒಂದೇ ಮನೆಗೆ ಉಪ್ಪರಿಗೆ ಇದ್ದಂತೆ.

ಗಿರಿಗದ್ದೆಯ ಭಟ್ಟರ ಮನೆ ದಾಟಿ, ಅರಣ್ಯ ಇಲಾಖೆಯ ತಪಾಸಣೆ ಮುಗಿಸಿ ಮೇಲೆ ಬಂದರೆ ಕಾಡು ಮುಗಿದು ಹುಲ್ಲು ಶುರು. ಸೊಂಟದೆತ್ತರದ ಹುಲ್ಲು ಗಾಳಿಗೆ ಬಾಗುತ್ತಿತ್ತು. ಕಲ್ಲುಮಂಟಪದಲ್ಲಿ ಕುಳಿತು ಹಿಂದಿರುಗಿ ನೋಡಿದೆವು. ಪಡುವಣದಲ್ಲಿ ಅಡಿಕೆ ತೋಟ, ರಬ್ಬರ್ ತೋಟ, ಮತ್ತೆ ಗುಡ್ಡ, ಮತ್ತೆ ತೋಟ. ಪಂಜ, ಬೆಳ್ಳಾರೆ, ಅದರಾಚೆ ಮಂಜಿನಲ್ಲಿ ಪುತ್ತೂರು. “ಈ ಕಾಣುವ ಊರುಗಳಲ್ಲಿ ಹೆಚ್ಚಿನವು 1834ರ ತನಕ ಕೊಡಗಿನವು” ಎಂದಾಗ ಅಳಿಯನಿಗೆ ನಂಬಿಕೆ ಬರಲಿಲ್ಲ. ಅವನು ಓದಿದ ಪಾಠದಲ್ಲಿ ಅದು ಬಂದಿರಲಿಲ್ಲ; ನಾನು ಓದಿದ್ದರಲ್ಲೂ ಇರಲಿಲ್ಲ.

ಅಮರ ಸುಳ್ಯ, ಪಂಜ, ಬೆಳ್ಳಾರೆಗಳ ಒಡೆತನ ಮಡಿಕೇರಿಯ ಹಾಲೇರಿ ಅರಸರದಾಗಿತ್ತು. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ನಾಲ್ಕು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಪಡುವಣದಿಂದ ಬಂದ ತುಕಡಿ ಪೆಟ್ಟು ತಿಂದು ಹಿಂತಿರುಗಿದರೂ, ಉಳಿದ ಕಡೆಯಿಂದ ಮಡಿಕೇರಿ ಕೈಬಿಟ್ಟಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಶರಣಾದ. ಕೊಡಗು ಕಂಪನಿಗೆ ಸೇರಿತು. ಆಮೇಲೆ ಒಂದು ಆಡಳಿತದ ನಿರ್ಧಾರವಾಯಿತು: ಘಟ್ಟದ ಕೆಳಗಿನ ಈ ಊರುಗಳನ್ನು ಕೊಡಗಿನಿಂದ ಕಿತ್ತು ಮದ್ರಾಸ್ ಆಧಿಪತ್ಯದ ಕನ್ನಡ ಜಿಲ್ಲೆಗೆ ಸೇರಿಸುವುದು. ನಕ್ಷೆಯ ಮೇಲೆ ಅದು ಬಹಳ ಸರಳ. ಬೆಟ್ಟದ ಏಣಿನ ಮೇಲೆ ಗೆರೆ ಎಳೆದರೆ ಆಯಿತು.

ಗೆರೆಯ ಬೆಲೆ ಕೆಳಗಿನ ರೈತನಿಗೆ ತಿಳಿದದ್ದು ತೆರಿಗೆ ಕಟ್ಟುವಾಗ. ಅರಸರ ಕಾಲದಲ್ಲಿ ಬೆಳೆದದ್ದನ್ನೇ ಕೊಟ್ಟು ತೀರಿಸಬಹುದಾಗಿದ್ದ ತೆರಿಗೆಗೆ ಈಗ ನಗದು ಬೇಕಾಯಿತು. ನಗದು ಬೇಕೆಂದರೆ ಕೊಯ್ಲಿನ ಕೂಡಲೇ, ವ್ಯಾಪಾರಿ ಹೇಳಿದ ಬೆಲೆಗೆ ಭತ್ತ ಮಾರಬೇಕು. ಉಪ್ಪು ಮತ್ತು ಹೊಗೆಸೊಪ್ಪು ಕಂಪನಿಯ ಏಕಸ್ವಾಮ್ಯ. ನನ್ನ ಚೀಲದ ಆ ಗಂಟಿನ ಎರಡೂ ಸರಕು ಅಂದು ಸರ್ಕಾರದವು.

1837ರ ಮಾರ್ಚ್ 30ರಂದು ಸುಳ್ಯದ ಕಡೆಯಿಂದ ಹೊರಟ ಜನ ಬೆಳ್ಳಾರೆಯ ಖಜಾನೆಯನ್ನು ವಶಮಾಡಿಕೊಂಡರು. ಮುಂದೆ ನಿಂತವರು ಕೆದಂಬಾಡಿ ರಾಮಯ್ಯ ಗೌಡರು. ಸೈನ್ಯಕ್ಕೆ ಹೆಸರು ಕಲ್ಯಾಣಸ್ವಾಮಿಯದು. ಕೊಡಗಿನ ರಾಜವಂಶದ ಆ ಹೆಸರನ್ನು ಹೊತ್ತು ಮುಂದೆ ನಡೆದವನು ಪುಟ್ಟಬಸಪ್ಪ. ಪುತ್ತೂರಿಗೆ ಬಂದ ಕಂಪನಿಯ ಪಡೆ ಮಂಗಳೂರಿಗೆ ಹಿಂದೆ ಸರಿಯಿತು. ಏಪ್ರಿಲ್ 5ಕ್ಕೆ ಮಂಗಳೂರೇ ಅವರ ಕೈಯಲ್ಲಿತ್ತು. ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಯಿತು. ಮೀರತ್‌ನ ಸಿಪಾಯಿಗಳು ಏಳುವುದಕ್ಕೆ ಇನ್ನೂ 20 ವರ್ಷವಿತ್ತು. ಆ ಆಳ್ವಿಕೆ 13 ದಿನ ನಡೆಯಿತೆಂದು ನಮ್ಮ ಕಡೆ ಹೇಳುತ್ತಾರೆ. ಹೊರಗಿನಿಂದ ಸೈನ್ಯ ಬಂದಾಗ ಎಲ್ಲವೂ ಮುಗಿಯಿತು. ಪುಟ್ಟಬಸಪ್ಪನಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲು. ಘಟ್ಟದ ಮೇಲೆ ಹೋರಾಟ ಕಟ್ಟಿದ ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲು. ಅಂದರೆ ಇದೇ ಕಾಲ, ಇದೇ ಹೊಂಬಣ್ಣದ ಹುಲ್ಲಿನ ದಿನಗಳು.

“ಇದನ್ನು ಮನೆಯಲ್ಲಿ ಯಾರೂ ಯಾಕೆ ಹೇಳಲಿಲ್ಲ?” ಎಂದು ಅಳಿಯ ಕೇಳಿದ. ಹೇಳುತ್ತಿದ್ದರು, ಆದರೆ ಬೇರೆ ಹೆಸರಿನಲ್ಲಿ. ನಾನು ಚಿಕ್ಕಂದಿನಲ್ಲಿ ಕೇಳಿದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು. ಕಾಟಕಾಯಿ ಎಂದರೆ ಹಾವಳಿ, ಲೂಟಿ. ಗೆದ್ದವರ ಮಾತು ಸೋತವರ ಮಕ್ಕಳ ಬಾಯಲ್ಲಿ ಉಳಿದುಬಿಟ್ಟಿತ್ತು. ಅಜ್ಜಿಯೂ ತುಂಟ ಮಕ್ಕಳಿಗೆ ‘ಏನು ನಿನ್ನ ಕಾಟಕಾಯಿ’ ಎಂದು ಗದರಿಸುತ್ತಿದ್ದಳೇ ಹೊರತು, ಅದರೊಳಗೆ ತನ್ನದೇ ಜನ ಇದ್ದರೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಆ ಕಥೆಯನ್ನು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯಾಗಿ ಬರೆದವರು ನಿರಂಜನ. ಅವರ ಹುಟ್ಟುಹೆಸರು ಕುಳಕುಂದ ಶಿವರಾಯ. ದನದ ಜಾತ್ರೆಯ ಅದೇ ಊರಿನವರು. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಎದ್ದು ನಿಂತದ್ದು 2022ರ ನವೆಂಬರ್‌ನಲ್ಲಿ.

ದಂಗೆ ಅಡಗಿದ ಮೇಲೂ ಗೆರೆ ಉಳಿಯಿತು. ಬಡಗಣಕ್ಕೆ ಮೈಸೂರು ಸಂಸ್ಥಾನ, ಮೂಡಣಕ್ಕೆ ಕೊಡಗು, ಪಡುವಣಕ್ಕೆ ಮದ್ರಾಸ್. ಒಂದು ಬೆಟ್ಟದ ಸುತ್ತ ಮೂರು ಸರ್ಕಾರ. ಸುಳ್ಯದವನ ಜಮೀನಿನ ಕಾಗದ ಮದ್ರಾಸಿನ ಕಾನೂನಿನಂತೆ, ಅವನ ಭಾವನದು ಕೊಡಗಿನ ಕಾನೂನಿನಂತೆ. ಜನ ಮದುವೆ ಮಾಡಿಕೊಳ್ಳುವುದನ್ನೇನೂ ಬಿಡಲಿಲ್ಲ. ಆದರೆ ಒಂದೇ ನಾಡಿನ ನಡುವೆ ಇದ್ದ ಬೆಟ್ಟ ಮೂರು ನಾಡುಗಳ ಕೊನೆಯಾಯಿತು. ಕೊನೆಯ ಊರು ಎಂದರೆ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲವೂ ಕೊನೆಗೆ ಬರುವ ಊರು. ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು 1943ರಲ್ಲಿ ‘ಬೆಟ್ಟದ ಜೀವ’ ಪ್ರಕಟಿಸಿದಾಗ, ಈ ಬೆಟ್ಟದ ಬುಡದ ಬದುಕು ಆನೆ-ಹುಲಿಗಳ ನಡುವೆ ಒಂಟಿ ಮನೆಯವರದಾಗಿತ್ತು. ಮೊದಲ ಸಲ ಓದಿದಾಗ ಆ ಒಂಟಿತನ ಕಾಡಿನದೆಂದುಕೊಂಡಿದ್ದೆ. ಈಗ ಅದರಲ್ಲಿ ಗಡಿಯ ಪಾಲೂ ಇದೆ ಎನ್ನಿಸುತ್ತದೆ.

ಶೇಷ ಪರ್ವತ ದಾಟಿ, ನಡುವಿನ ತಣ್ಣನೆಯ ಶೋಲಾ ಕಾಡು ಹೊಕ್ಕು, ಕೊನೆಯ ಬಂಡೆಯನ್ನು ಕೈಕಾಲು ಊರಿ ಹತ್ತಿ ಶಿಖರಕ್ಕೆ ಬರುವಾಗ ಮಧ್ಯಾಹ್ನ. ಅಲ್ಲಿ ಅಳಿಯನಿಗೆ ದಿನಾಂಕದ ಗುಟ್ಟು ಹೇಳಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಡಗೂ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. 1834ರಲ್ಲಿ ಎಳೆದ ಗೆರೆಯ ಎರಡೂ ಕಡೆಗೆ 122 ವರ್ಷಗಳ ಬಳಿಕ ಮತ್ತೆ ಒಂದೇ ಸರ್ಕಾರ ಬಂತು. ರಾಜ್ಯೋತ್ಸವವೆಂದರೆ ಬೆಂಗಳೂರಿನ ಬಾವುಟವೆಂದು ತಿಳಿದಿದ್ದವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಮೂಡಣಕ್ಕೆ ನೋಡುತ್ತಿದ್ದೆ. ಆ ಮಗ್ಗುಲು ನಾನು ಅಂದುಕೊಂಡಷ್ಟು ಬೇರೆಯಾಗಿರಲಿಲ್ಲ. ಅದೇ ಹುಲ್ಲು, ಅದೇ ಕಾಡಿನ ಮಡಿಕೆ, ಅದರ ಕೆಳಗೆ ಗದ್ದೆ, ಕಾಫಿ ತೋಟ. ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕುವ ಕುಮಾರಧಾರೆಯೇ ಬೆಟ್ಟವನ್ನು ಬಳಸಿ ಇಳಿದು ಸುಬ್ರಹ್ಮಣ್ಯಕ್ಕೆ ಬರುವುದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವುದು. ಹೊಳೆ ಯಾವ ಗೆರೆಯನ್ನೂ ಕೇಳಿದ್ದಿಲ್ಲ. ಅಜ್ಜಿಯ ತವರು ಯಾವ ದಿಕ್ಕಿಗೆ ಎಂದು ಅಳಿಯ ಕೇಳಿದ. ಅಂದಾಜಿನಲ್ಲಿ ತೋರಿಸಿದೆ. ಅವನು ಅತ್ತ ಒಂದು ಫೋಟೋ, ತಿರುಗಿ ಗುತ್ತಿಗಾರಿನ ಕಡೆಗೆ ಒಂದು ಫೋಟೋ ತೆಗೆದ. ಬಣ್ಣ ಎರಡರಲ್ಲೂ ಒಂದೇ.

ಇಳಿಯುವಾಗ ಹರಟೆ ಇರಲಿಲ್ಲ, ಮೊಣಕಾಲು ನೋವಿತ್ತು. ಈ ಬೆಟ್ಟಕ್ಕೆ ಈಗ ಬೇರೆ ಕಷ್ಟಗಳಿವೆ. 2024ರ ಜನವರಿಯ ರಜೆಯಲ್ಲಿ ಸಾವಿರಾರು ಜನ ಒಮ್ಮೆಲೇ ಹತ್ತಿ, ಚಾರಣವನ್ನೇ ನಿಲ್ಲಿಸಬೇಕಾಯಿತು. ಈಗ ಮುಂಗಡ ಅನುಮತಿ ಇದ್ದವರಿಗೆ ಮಾತ್ರ ದಾರಿ. 2018ರ ಆಗಸ್ಟ್‌ನ ಮಳೆಗೆ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿದಾಗ ಸುಳ್ಯ-ಮಡಿಕೇರಿಗಳು ಮತ್ತೆ ದೂರವಾಗಿದ್ದವು. ಆಗ ಮೇಲಿನವರು ಕೆಳಗಿನ ನೆಂಟರ ಮನೆಗೆ ಬಂದು ಉಳಿದರು. ಅಕ್ಕಿ ಅಳೆದು ಹಾಕುವಾಗ ಯಾರೂ ಜಿಲ್ಲೆ ಕೇಳಲಿಲ್ಲ.

ಅಳಿಯ ಜಪಾನಿಗೆ ಮರಳಿ ವಾರವಾದ ಮೇಲೆ ಫೋಟೋ ಕಳಿಸಿದ. ಈ ಸಲ ಮೇಪಲ್ ಅಲ್ಲ. ನಮ್ಮ ಬೆಟ್ಟದ ಆ ಎರಡು ಚಿತ್ರಗಳನ್ನು ಮೇಲೊಂದು ಕೆಳಗೊಂದು ಅಂಟಿಸಿದ್ದ. ಅಡಿಯಲ್ಲಿ ಬರೆದಿದ್ದ: ‘ಮೇಲಿನ ಮನೆ, ಕೆಳಗಿನ ಮನೆ.’