ಊರಿನ ವಲಯಶಾಸನವೂ ಮತಿಗುಂದಿದವರ ಮನೆಯೂ

ಊರಿನ ನೆಲವನ್ನು ವಾಸಕ್ಕೆ, ವ್ಯಾಪಾರಕ್ಕೆ, ಕೈಗಾರಿಕೆಗೆ ಎಂದು ವಲಯಗಳಾಗಿ ವಿಂಗಡಿಸುವ ಶಾಸನಗಳು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಳಕೆಗೆ ಬಂದುವು. ನ್ಯೂಯಾರ್ಕ್ ನಗರದ ಶಾಸನವು 1916ರದು. ಇವುಗಳ ಚರಿತ್ರೆಯನ್ನು ನೆಲದ ಬೆಲೆಯ ಚರಿತ್ರೆಯೆಂದು ಓದುವುದು ವಾಡಿಕೆ. ಆದರೆ ಶಾಸನದ ಪಟ್ಟಿಗಳಲ್ಲಿ ಯಾವ ಶಬ್ದದ ಪಕ್ಕದಲ್ಲಿ ಯಾವ ಶಬ್ದವಿದೆಯೆಂಬುದನ್ನು ನೋಡಿದರೆ ಬೇರೊಂದು ಸಂಗತಿ ಹೊರಪಡುತ್ತದೆ. ನೆನಪಳಿದ ವೃದ್ಧರಿಗಾಗಿ ಶುಶ್ರೂಷಾಲಯವನ್ನು ತೆರೆಯಲು ಪುರಸಭೆಯ ಒಪ್ಪಿಗೆ ಕೇಳುವವರಿಗೆ ಒದಗುವ ತೊಡಕಿನ ಬೇರು ಅಲ್ಲಿದೆ.

ಒಹಾಯೋ ಸಂಸ್ಥಾನದ ಯೂಕ್ಲಿಡ್ ಗ್ರಾಮದ 1922ರ ಶಾಸನವು ನೆಲದ ಉಪಯೋಗಗಳನ್ನು ಆರು ವರ್ಗಗಳಾಗಿ ಮಾಡಿತು. ಆಸ್ಪತ್ರೆ, ಆರೋಗ್ಯಧಾಮಗಳು ಮೂರನೆಯ ವರ್ಗದಲ್ಲಿ ಶಾಲೆ, ಪುಸ್ತಕಭಂಡಾರ, ಇಗರ್ಜಿಗಳ ಸಾಲಿನಲ್ಲಿದ್ದುವು. ಹುಚ್ಚರ ಮತ್ತು ಮತಿಮಂದರ ಆಲಯಗಳಾದರೋ ಕಡೆಯ ವರ್ಗದಲ್ಲಿ, ಸೆರೆಮನೆ, ಸ್ಮಶಾನ, ಕಸ ಸುಡುವ ಸ್ಥಳ, ಕೊಳಚೆನೀರಿನ ಸ್ಥಾವರ ಇವುಗಳ ಜತೆಗೆ ಸೇರಿದ್ದುವು. 1926ರಲ್ಲಿ ವರಿಷ್ಠ ನ್ಯಾಯಾಲಯವು ಆಂಬ್ಲರ್ ಎಂಬ ಭೂವ್ಯಾಪಾರದ ಸಂಸ್ಥೆಯ ಆಕ್ಷೇಪವನ್ನು ತಳ್ಳಿ ಈ ಶಾಸನವನ್ನು ಎತ್ತಿಹಿಡಿಯಿತು. ಅಲ್ಲಿ ವಿವಾದವಿದ್ದುದು ಭೂಮಿಯ ಬೆಲೆಯ ಮೇಲೆ. ಮತಿಮಂದರ ಪರವಾಗಿ ವಾದಿಸಲು ಯಾರೂ ಇರಲಿಲ್ಲ.

ಇದೇ ಶಬ್ದಗಳು ಟೆಕ್ಸಸ್ ಸಂಸ್ಥಾನದ ಕ್ಲೀಬರ್ನ್ ಪಟ್ಟಣದಲ್ಲಿ ಮತ್ತೆ ಕಾಣಿಸಿಕೊಂಡುವು. 1980ರಲ್ಲಿ ಅಲ್ಲಿಯ ಒಂದು ಮನೆಯಲ್ಲಿ ಹದಿಮೂರು ಮಂದಿ ಬುದ್ಧಿಮಾಂದ್ಯರಾದ ಸ್ತ್ರೀಪುರುಷರನ್ನು ಮೇಲ್ವಿಚಾರಣೆಯಲ್ಲಿಟ್ಟು ನೋಡಿಕೊಳ್ಳುವ ಯೋಜನೆ ಹುಟ್ಟಿತು. ಆ ವಲಯದಲ್ಲಿ ಬಾಡಿಗೆ ವಸತಿಗಳಿಗೂ, ವಿದ್ಯಾರ್ಥಿನಿಲಯಗಳಿಗೂ, ಆಸ್ಪತ್ರೆಗಳಿಗೂ, ವೃದ್ಧರ ಶುಶ್ರೂಷಾಲಯಗಳಿಗೂ ವಿಶೇಷ ಪರವಾನಗಿ ಬೇಕಿರಲಿಲ್ಲ. ಹುಚ್ಚರು, ಮತಿಮಂದರು, ಕುಡುಕರು, ಮಾದಕವ್ಯಸನಿಗಳು ಇವರ ಆಲಯಗಳಿಗೆ ಮಾತ್ರ ಬೇಕಿತ್ತು. ಅದನ್ನು ವರ್ಷವರ್ಷವೂ ನವೀಕರಿಸಬೇಕಿತ್ತು. 200 ಅಡಿಯೊಳಗಿನ ಆಸ್ತಿವಂತರ ರುಜುಗಳನ್ನೂ ತರಬೇಕಿತ್ತು. ವೃದ್ಧನೊಬ್ಬನು ಕಾಲಿನ ಬಲ ಕುಂದಿ ಬಂದರೆ ಬಾಗಿಲು ತೆರೆದಿತ್ತು. ಕನ್ನಡಿಗರು ಅರಳುಮರಳೆಂದು ಕರೆದು ಮುಪ್ಪಿನ ಲೆಕ್ಕಕ್ಕೇ ಸೇರಿಸುವ ಸ್ಥಿತಿಯಲ್ಲಿ ಬಂದರೆ ಅವನು ಯಾವ ವರ್ಗದವನು? ಶಾಸನದ ಮಾತುಗಳಿಂದ ಇದು ತೀರ್ಮಾನವಾಗುವಂತಿಲ್ಲ.

ಪುರಸಭೆಯು ಒಂದಕ್ಕೆ ಮೂರು ಮತಗಳಿಂದ ಪರವಾನಗಿಯನ್ನು ನಿರಾಕರಿಸಿತು. ನೆರೆಯವರ ವಿರೋಧ, ಮುದುಕರ ಭೀತಿ, ಎದುರಿನ ಶಾಲೆಯ ಹುಡುಗರು ಪೀಡಿಸಬಹುದೆಂಬ ಶಂಕೆ, ಮನೆಯಲ್ಲಿ ಜನ ಹೆಚ್ಚೆಂಬ ಆಕ್ಷೇಪ, ಇವುಗಳ ಜತೆಗೆ ಐನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನೂ ಕಾರಣವಾಗಿ ಹೇಳಲಾಯಿತು! 1985ರ ಜುಲೈ 1ರಂದು ವರಿಷ್ಠ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ವೈಟ್ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಆ ಶಾಲೆಯಲ್ಲಿಯೇ ಬುದ್ಧಿಮಾಂದ್ಯರಾದ ಸುಮಾರು ಮೂವತ್ತು ವಿದ್ಯಾರ್ಥಿಗಳಿದ್ದರು. ನೆರೆಯ ಭಯವಿದ್ದರೆ ಅದೇ ನೆಲದಲ್ಲಿ ಆಸ್ಪತ್ರೆಗೂ ವೃದ್ಧಾಲಯಕ್ಕೂ ಅವಕಾಶವಿದ್ದುದೇಕೆ? ಈ ಮನೆಗೆ ಮಾತ್ರ ಪರವಾನಗಿ ಕೇಳುವುದಕ್ಕೆ ಅಕಾರಣದ್ವೇಷವಲ್ಲದೆ ಬೇರೆ ಆಧಾರ ಕಾಣುವುದಿಲ್ಲವೆಂದು ತೀರ್ಪಾಯಿತು.

ಈ ಜಯವು ಪೂರ್ಣವಾದುದಲ್ಲ. ನಿಬಂಧನೆಯು ಆ ಒಂದು ಮನೆಗೆ ಅನ್ವಯಿಸಿದ ಮಟ್ಟಿಗೆ ಮಾತ್ರ ಅಸಿಂಧುವಾಯಿತು. ಮುಂದೆ ಬರುವವರು ಒಬ್ಬೊಬ್ಬರಾಗಿ ಇದೇ ಹೋರಾಟವನ್ನು ಮಾಡಬೇಕಾದೀತೆಂದು ನ್ಯಾಯಮೂರ್ತಿ ಮಾರ್ಷಲ್ ತಮ್ಮ ಪ್ರತ್ಯೇಕಾಭಿಪ್ರಾಯದಲ್ಲಿ ಆಕ್ಷೇಪಿಸಿದರು. ಆ ಆಕ್ಷೇಪ ಯುಕ್ತವೆಂದೇ ತೋರುತ್ತದೆ.

1988ರಲ್ಲಿ ವಸತಿ ಸಮಾನತೆಯ ಕಾನೂನಿಗೆ ಬಂದ ತಿದ್ದುಪಡಿಯು ಅಂಗವಿಕಲತೆಯ ಕಾರಣದಿಂದ ಭೇದವೆಣಿಸುವುದನ್ನು ನಿಷೇಧಿಸಿ, ಅಗತ್ಯವಿದ್ದಲ್ಲಿ ನಿಯಮಗಳನ್ನು ಯುಕ್ತವಾಗಿ ಸಡಿಲಿಸಬೇಕೆಂದಿತು. ಆಮೇಲೆ ಶಬ್ದವೂ ಬದಲಾಯಿತು. ಮತಿಮಂದರ ಆಲಯವೆಂಬ ಹೆಸರು ಹೋಗಿ, ನೆನಪಳಿದ ವೃದ್ಧರ ಮನೆಗಳು ‘ಸ್ಮೃತಿಶುಶ್ರೂಷೆ’ಯ ಮನೆಗಳೆನಿಸಿದುವು. ಆದರೆ ಅನೇಕ ಊರುಗಳಲ್ಲಿ ವಿಶೇಷ ಪರವಾನಗಿ, ನೆರೆಯವರಿಗೆ ನೋಟೀಸು, ಬಹಿರಂಗ ವಿಚಾರಣೆ ಇವು ಉಳಿದಿವೆ. ಅಲ್ಲಿ ಈಗ ಬುದ್ಧಿಯ ಮಾತನ್ನು ಎತ್ತುವವರು ವಿರಳ. ವಾಹನಗಳ ಸಂದಣಿ, ಆಂಬುಲೆನ್ಸಿನ ಸದ್ದು, ಮಳೆನೀರಿನ ಹರಿವು ಇವೇ ಚರ್ಚೆಗೆ ಬರುತ್ತವೆ.